ಸಂಕ ದಾಟಿದರೆ ಮುಂದಿನ ಮನೆ: ಕರ್ನಲ್ ಒಳಗಿನ ಲಿಂಕ್ಡ್ ಲಿಸ್ಟ್

ಜೂನ್ ತಿಂಗಳ ಜಡಿಮಳೆ. ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಏಳೆಂಟು ಜನ ನಿಂತಿದ್ದೆವು. ಕೆಲವರಿಗೆ ಪಹಣಿ ಬೇಕಿತ್ತು, ಕೆಲವರು ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬಂದಿದ್ದರು. ಒಂದು ಅರ್ಜಿ ಅರ್ಧ ತುಂಬಿದ ಹೊತ್ತಿಗೆ ಪರದೆ ನೀಲಿಯಾಗಿ ನಿಂತುಬಿಟ್ಟಿತು. ಅದರ ಮೇಲೆ ‘ಕರ್ನಲ್ ಸೆಕ್ಯೂರಿಟಿ ಚೆಕ್ ಫೇಲ್ಯೂರ್’ ಎಂಬ ಇಂಗ್ಲಿಷ್ ಸಾಲು. ಆ ದಿನ ಅದು ಮೂರನೇ ಸಲವಂತೆ. ಎದುರಿನ ರಿಪೇರಿ ಅಂಗಡಿಯ ಹುಡುಗ ಬಂದ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಯಂತ್ರದಲ್ಲಿ ಏನೇನಾಯಿತೆಂದು ವಿಂಡೋಸ್ ಬರೆದಿಡುವ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ಸೊನ್ನೆಗಳೇ ತುಂಬಿದ್ದ ಒಂದು ಉದ್ದನೆಯ ಸಾಲಿನ ಮೇಲೆ ಬೆರಳಿಟ್ಟ. ಸೊನ್ನೆಗಳ ನಡುವೆ ಒಂದು ಕಡೆ 139, ಅದರ ಮುಂದೆ ಒಂದು 3.

“ಅಕ್ಕಾ, ಲಿಸ್ಟ್ ಹಾಳಾಗಿದೆ ಅಂತ ಹೇಳ್ತಿದೆ ಇದು.”

“ಎಂತ ಲಿಸ್ಟ ಮಾರಾಯ? ಅರ್ಜಿ ಹಾಕಿದವರ ಲಿಸ್ಟಾ?” ಅಂಗಡಿಯ ಅಕ್ಕ ಗಾಬರಿಯಾದರು.

ಅರ್ಜಿದಾರರ ಲಿಸ್ಟ್ ಅಲ್ಲ, ಅದು ಕಂಪ್ಯೂಟರ್ ತನ್ನ ಒಳಗೆ ತನಗಾಗಿಯೇ ಇಟ್ಟುಕೊಂಡ ಲಿಸ್ಟ್. ಆದರೆ ಅದೇನು, ಎಲ್ಲಿರುತ್ತದೆ, ಅದು ಹಾಳಾದರೆ ಇಡೀ ಯಂತ್ರವೇ ಯಾಕೆ ನಿಲ್ಲಬೇಕು ಎಂದು ಹೇಳಲು ಆ ಹುಡುಗನಿಗೆ ಪುರುಸೊತ್ತಿರಲಿಲ್ಲ. ಅಕ್ಕನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಇಲ್ಲಿ ನಿಧಾನವಾಗಿ ಉತ್ತರ ಹೇಳುತ್ತೇನೆ.

## ಮೊದಲು, ಕರ್ನಲ್ ಎಂದರೆ

ಕಂಪ್ಯೂಟರ್‌ನಲ್ಲಾಗಲಿ ಫೋನಿನಲ್ಲಾಗಲಿ ನಾವು ಕಾಣುವುದು ಬ್ರೌಸರ್, ವಾಟ್ಸಾಪ್, ಕ್ಯಾಮೆರಾ ಇಂಥವನ್ನು. ಇವುಗಳಲ್ಲಿ ಯಾವುದೂ ನೇರವಾಗಿ ಯಂತ್ರವನ್ನು ಮುಟ್ಟುವಂತಿಲ್ಲ. ಮೆಮೊರಿ ಬೇಕಾದರೂ, ಪರದೆಯ ಮೇಲೆ ಬರೆಯಬೇಕಾದರೂ, ನೆಟ್‌ವರ್ಕ್‌ನಿಂದ ಏನಾದರೂ ತರಬೇಕಾದರೂ ನಡುವೆ ಇರುವ ಒಂದು ತಂತ್ರಾಂಶವನ್ನು ಕೇಳಬೇಕು. ಅದೇ ಕರ್ನಲ್, ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಒಂದು ಆಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಕರ್ನಲ್ ಕೆಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಆಂಡ್ರಾಯ್ಡ್ ಫೋನ್ ಇಟ್ಟುಕೊಂಡವರೆಲ್ಲರ ಜೇಬಿನಲ್ಲೂ ಲಿನಕ್ಸ್ ಕರ್ನಲ್ ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಆ ಕರ್ನಲ್‌ನ ಮೂಲ ಬರಹ ಯಾರು ಬೇಕಾದರೂ ಓದುವ ಹಾಗೆ ತೆರೆದಿದೆ. ಹಾಗಾಗಿ ಉದಾಹರಣೆಗಳನ್ನು ಹೆಚ್ಚಾಗಿ ಅಲ್ಲಿಂದಲೇ ಕೊಡುತ್ತೇನೆ.

ಕರ್ನಲ್‌ನ ದಿನದ ಕೆಲಸದಲ್ಲಿ ಬಹುಪಾಲು ಲೆಕ್ಕ ಇಡುವುದೇ. ಈಗ ಓಡುತ್ತಿರುವ ಕಾರ್ಯಕ್ರಮಗಳು ಯಾವುವು, ಮೆಮೊರಿಯಲ್ಲಿ ಖಾಲಿ ಜಾಗ ಎಲ್ಲಿದೆ, ಡಿಸ್ಕ್‌ನಿಂದ ಉತ್ತರ ಬರಲೆಂದು ಯಾರು ಕಾಯುತ್ತಿದ್ದಾರೆ, ಯಾವ ಟೈಮರ್ ಯಾವಾಗ ಹೊಡೆಯಬೇಕು. ಇಂಥ ಪಟ್ಟಿಗಳು ಸಾವಿರಾರು. ಕ್ಷಣಕ್ಷಣಕ್ಕೂ ಹೆಸರು ಸೇರುತ್ತಿರುತ್ತವೆ, ಬಿಡುತ್ತಿರುತ್ತವೆ.

## ಬಯಲುಸೀಮೆಯ ಬೀದಿ, ಮಲೆನಾಡಿನ ಒಂಟಿಮನೆ

ಕಂಪ್ಯೂಟರ್ ಮೆಮೊರಿಯಲ್ಲಿ ಪಟ್ಟಿ ಇಡಲು ಎರಡು ಮೂಲ ಕ್ರಮಗಳಿವೆ.

ಒಂದು, ಬಯಲುಸೀಮೆಯ ಊರಿನ ಕ್ರಮ. ಬೀದಿ ಉದ್ದಕ್ಕೂ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿರುತ್ತವೆ. ಹತ್ತನೇ ಮನೆ ಬೇಕಾದರೆ ಎಣಿಸಿ ನೇರವಾಗಿ ಹೋಗಬಹುದು. ಇದಕ್ಕೆ ಅರೇ ಎನ್ನುತ್ತಾರೆ. ಆದರೆ ನಾಲ್ಕನೇ ಮನೆಗೂ ಐದನೇ ಮನೆಗೂ ನಡುವೆ ಹೊಸ ಮನೆ ಬರಬೇಕೆಂದರೆ ಐದರಿಂದ ಮುಂದಿನವರೆಲ್ಲ ಒಂದೊಂದು ಮನೆ ಸರಿಯಬೇಕು. ಬೀದಿ ತುಂಬಿಹೋದರಂತೂ ಇಡೀ ಬೀದಿಯನ್ನೇ ಎತ್ತಿ ಇನ್ನೊಂದು ದೊಡ್ಡ ಜಾಗಕ್ಕೆ ಸಾಗಿಸಬೇಕು.

ಇನ್ನೊಂದು ನಮ್ಮ ಕಡೆಯ ಕ್ರಮ. ತೀರ್ಥಹಳ್ಳಿ, ಹೊಸನಗರದ ಕಡೆ ಹೋದವರಿಗೆ ಗೊತ್ತು, ಇಲ್ಲಿ ಊರು ಎಂದರೆ ಬೀದಿಯಲ್ಲ. ಒಂದು ಮನೆ ಗುಡ್ಡದ ಓರೆಯಲ್ಲಿ, ಇನ್ನೊಂದು ಅಡಿಕೆ ತೋಟದ ಆಚೆ, ಮತ್ತೊಂದು ಹಳ್ಳ ದಾಟಿದ ಮೇಲೆ. ಮದುವೆಗೆ ಕರೆಯಲು ಹೊರಟವರು ಮೊದಲ ಮನೆಗೆ ಹೋಗಿ, ಅಲ್ಲಿಂದ ಮುಂದಿನ ಮನೆಗೆ ಯಾವ ಸಂಕ (ಹಳ್ಳಕ್ಕೆ ಅಡ್ಡ ಹಾಕಿದ ಕಿರುಸೇತುವೆ) ದಾಟಬೇಕೆಂದು ಕೇಳಿ ನಡೆಯುತ್ತಾರೆ. ಮನೆ ಎಲ್ಲಿ ಬೇಕಾದರೂ ಇರಲಿ, ಮುಂದಿನ ಮನೆಗೆ ಒಂದು ಕಾಲುಸಂಕ ಇದ್ದರೆ ಸಾಕು, ಊರು ಊರಾಗಿ ಉಳಿಯುತ್ತದೆ.

ಲಿಂಕ್ಡ್ ಲಿಸ್ಟ್ ಎಂದರೆ ಇದೇ. ಪ್ರತಿ ಮಾಹಿತಿಯೂ ತನ್ನ ಜೊತೆಗೆ ‘ಮುಂದಿನದು ಇರುವ ಜಾಗ ಇಂಥದು’ ಎಂಬ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಆ ವಿಳಾಸಕ್ಕೆ ಪಾಯಿಂಟರ್ ಎಂದು ಹೆಸರು. ನಮ್ಮ ಸಂಕಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ, ಮನಸ್ಸಿನಲ್ಲಿಟ್ಟುಕೊಳ್ಳಿ: ಪಾಯಿಂಟರ್ ಎಂಬ ಸಂಕ ಒಮ್ಮುಖ. ಆಚೆ ದಡದಿಂದ ಈಚೆ ಬರಲು ಬೇರೆಯದೇ ಸಂಕ ಬೇಕು. ಹೋಗಲೊಂದು ಬರಲೊಂದು, ಎರಡೂ ಇದ್ದರೆ ಅದು ಡಬ್ಲಿ ಲಿಂಕ್ಡ್ ಲಿಸ್ಟ್. ಕರ್ನಲ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದು.

ಈ ಯೋಚನೆ ಹೊಸದೇನಲ್ಲ. 1955–56ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಅಲನ್ ನ್ಯೂಯೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ಇದನ್ನು ರೂಪಿಸಿದರು. ಕಂಪ್ಯೂಟರ್ ತರ್ಕ ಮಾಡುವಂತೆ ಮಾಡುವುದು ಅವರ ಗುರಿಯಾಗಿತ್ತು. ತರ್ಕದ ಎಳೆ ಎಷ್ಟು ಉದ್ದ ಬೆಳೆಯುತ್ತದೆಂದು ಮೊದಲೇ ಹೇಳಲು ಬರುವುದಿಲ್ಲವಲ್ಲ.

## ಕರ್ನಲ್‌ಗೆ ಬೀದಿ ಯಾಕೆ ಒಗ್ಗುವುದಿಲ್ಲ

ಸಾಮಾನ್ಯ ಆಪ್ ಬರೆಯುವವರು ಈಗ ಲಿಂಕ್ಡ್ ಲಿಸ್ಟನ್ನು ಅಪರೂಪಕ್ಕೆ ಮುಟ್ಟುತ್ತಾರೆ. ಕರ್ನಲ್ ಬರೆಯುವವರು ಮಾತ್ರ ಅದನ್ನು ಬಿಟ್ಟಿಲ್ಲ, ಬಿಡಲು ಆಗುವುದೂ ಇಲ್ಲ. ಕಾರಣ ಕರ್ನಲ್‌ನ ಬದುಕಿನ ರೀತಿಯಲ್ಲೇ ಇದೆ.

ಮೆಮೊರಿ ಬೇಕಾದಾಗ ಆಪ್ ಕರ್ನಲ್ಲನ್ನು ಕೇಳುತ್ತದೆ. ಕರ್ನಲ್ ಯಾರನ್ನು ಕೇಳಬೇಕು? ಅದಕ್ಕೆ ಮೇಲೊಬ್ಬರಿಲ್ಲ. ಬಹುತೇಕ ಯಂತ್ರಗಳಲ್ಲಿ ಮೆಮೊರಿಯನ್ನು 4 ಕಿಲೋಬೈಟ್‌ನ ಪುಟಗಳಾಗಿ ಹಂಚಿರುತ್ತಾರೆ. ಯಂತ್ರ ಕೆಲವು ದಿನ ಓಡಿದ ಮೇಲೆ ಖಾಲಿ ಪುಟಗಳು ಅಲ್ಲೊಂದು ಇಲ್ಲೊಂದು ಚದುರಿಹೋಗುತ್ತವೆ. ಒಟ್ಟು ಖಾಲಿ ಜಾಗ ಬೇಕಾದಷ್ಟಿದ್ದರೂ ಒಂದೇ ಕಡೆ ಉದ್ದನೆಯ ತುಂಡು ಸಿಗುವುದಿಲ್ಲ. ಗುಡ್ಡಗಾಡಿನಲ್ಲಿ ಐವತ್ತು ಮನೆಗಳ ಬೀದಿಗೆ ಸಮತಟ್ಟು ಜಾಗ ಹುಡುಕಿದ ಹಾಗೆ. ಐವತ್ತು ಒಂಟಿಮನೆಗಳಿಗೆ ಜಾಗ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ಎರಡನೆಯದು ತುರ್ತು. ನೆಟ್‌ವರ್ಕ್ ಕಾರ್ಡ್‌ಗೆ ಒಂದು ಸಂದೇಶ ಬಂತೆಂದರೆ ಅದು ಸಿಪಿಯುವನ್ನು ತಡೆದು ನಿಲ್ಲಿಸಿ ‘ಇದನ್ನು ಈಗಲೇ ತೆಗೆದುಕೋ’ ಎನ್ನುತ್ತದೆ. ಇದು ಇಂಟರಪ್ಟ್. ಆ ಹೊತ್ತಿನಲ್ಲಿ ಕರ್ನಲ್ ಕಾಯುವಂತಿಲ್ಲ. ‘ಪಟ್ಟಿ ತುಂಬಿದೆ, ದೊಡ್ಡ ಜಾಗಕ್ಕೆ ಸಾಗಿಸಿ ಆಮೇಲೆ ಬರುತ್ತೇನೆ’ ಎನ್ನುವಂತಿಲ್ಲ. ಲಿಂಕ್ಡ್ ಲಿಸ್ಟ್‌ನಲ್ಲಾದರೆ ಪಟ್ಟಿಯಲ್ಲಿ ಹತ್ತು ಹೆಸರಿರಲಿ ಹತ್ತು ಲಕ್ಷವಿರಲಿ, ಒಂದನ್ನು ಸೇರಿಸಲು ನಾಲ್ಕು ವಿಳಾಸ ಬರೆದರೆ ಮುಗಿಯಿತು. ಎಲ್ಲಿದೆ ಎಂದು ಗೊತ್ತಿರುವ ಒಂದನ್ನು ಬಿಡಿಸಲು ಎರಡೇ ಸಾಕು.

ಮೂರನೆಯ ಕಾರಣ, ಕರ್ನಲ್‌ನಲ್ಲಿ ಒಂದು ವಸ್ತುವಿನ ವಿಳಾಸವನ್ನು ಹತ್ತು ಕಡೆ ಬರೆದಿಟ್ಟಿರುತ್ತಾರೆ. ಅರೇ ಒಳಗಿನ ವಸ್ತು ಸರಿದರೆ ಆ ಹತ್ತೂ ವಿಳಾಸ ಸುಳ್ಳಾಗುತ್ತವೆ. ಲಿಂಕ್ಡ್ ಲಿಸ್ಟ್‌ನಲ್ಲಿ ಮನೆ ಇದ್ದಲ್ಲೇ ಇರುತ್ತದೆ, ಬದಲಾಗುವುದು ಸಂಕ ಮಾತ್ರ.

## ಕಾಯಿಯ ನಾರಿನಿಂದಲೇ ಗಂಟು

ಕಾಲೇಜಿನಲ್ಲಿ ಕಲಿಸುವ ಲಿಂಕ್ಡ್ ಲಿಸ್ಟ್‌ಗೂ ಕರ್ನಲ್‌ನ ಲಿಂಕ್ಡ್ ಲಿಸ್ಟ್‌ಗೂ ದಾರಿ ಬೇರೆಯಾಗುವುದು ಇಲ್ಲಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಕರ್ನಲ್ ಮೂಲವನ್ನು ಮೊದಲ ಸಲ ತೆರೆದು ಗೊಂದಲಕ್ಕೆ ಬೀಳುವ ಜಾಗವೂ ಇದು ಎಂದು ನನ್ನ ಅನುಭವ. ಅದಕ್ಕೆ ಸ್ವಲ್ಪ ನಿಲ್ಲೋಣ.

ತರಗತಿಯಲ್ಲಿ ಕಲಿಸುವುದು ಹೀಗೆ: ನೋಡ್ ಎಂಬ ಒಂದು ಬುಟ್ಟಿ ಮಾಡು, ಅದರೊಳಗೆ ಮಾಹಿತಿ ಇಡು, ಬುಟ್ಟಿಗೆ ಮುಂದಿನ ಬುಟ್ಟಿಯ ವಿಳಾಸ ಕಟ್ಟು. ಇದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಸಲ ಪಟ್ಟಿಗೆ ಸೇರಿಸುವಾಗಲೂ ಹೊಸ ಬುಟ್ಟಿ ಬೇಕು, ಅಂದರೆ ಹೊಸ ಮೆಮೊರಿ ಬೇಕು. ಮೆಮೊರಿ ಮುಗಿದಿರುವ ಹೊತ್ತಿನಲ್ಲೇ, ಮೆಮೊರಿ ಖಾಲಿ ಮಾಡಿಸಲು ಒಂದು ಪಟ್ಟಿ ಬೇಕಾದರೆ ಏನು ಗತಿ?

ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಜೋಡಿ ಕಟ್ಟುವುದನ್ನು ನೋಡಿದ್ದೀರಲ್ಲ. ಹಗ್ಗ ತರುವುದಿಲ್ಲ. ಕಾಯಿಯ ಸಿಪ್ಪೆಯಿಂದಲೇ ಒಂದು ಪಟ್ಟೆ ಎಬ್ಬಿಸಿ, ಪಕ್ಕದ ಕಾಯಿಯ ಪಟ್ಟೆಗೆ ಗಂಟು ಹಾಕಿ ಗಳಕ್ಕೆ ನೇತುಹಾಕುತ್ತಾರೆ. ಗಂಟು ಹಾಕುವ ನಾರು ಕಾಯಿಯ ಭಾಗವೇ ಆಗಿರುತ್ತದೆ.

ಕರ್ನಲ್ ಮಾಡುವುದೂ ಹೀಗೆಯೇ. ಲಿನಕ್ಸ್‌ನಲ್ಲಿ ‘ಲಿಸ್ಟ್ ಹೆಡ್’ ಎಂಬ ಒಂದು ಪುಟ್ಟ ರಚನೆ ಇದೆ. ಅದರಲ್ಲಿರುವುದು ಎರಡೇ ವಿಳಾಸ: ಮುಂದಿನದು, ಹಿಂದಿನದು. 64 ಬಿಟ್ ಯಂತ್ರದಲ್ಲಿ ಒಂದೊಂದು ವಿಳಾಸ 8 ಬೈಟ್, ಒಟ್ಟು 16 ಬೈಟ್. ಈ ಕೊಂಡಿಯನ್ನು ಮಾಹಿತಿಯ ಹೊರಗೆ ಇಡುವುದಿಲ್ಲ, ಅದರ ಒಳಗೇ ಒಂದು ಅಂಗವಾಗಿ ಹೊಲಿದಿರುತ್ತಾರೆ. ವಸ್ತು ಹುಟ್ಟುವಾಗಲೇ ಕೊಂಡಿಯೂ ಹುಟ್ಟುತ್ತದೆ. ಮುಂದೆ ಪಟ್ಟಿಗೆ ಸೇರಿಸುವಾಗ ಒಂದೇ ಒಂದು ಬೈಟ್ ಹೊಸ ಮೆಮೊರಿ ಬೇಡ, ಆದ್ದರಿಂದ ಜಾಗವಿಲ್ಲವೆಂದು ಸೇರಿಸುವ ಕೆಲಸ ಸೋಲುವ ಮಾತೇ ಇಲ್ಲ. ವಿಂಡೋಸ್ ಕರ್ನಲ್‌ನಲ್ಲೂ ಇದೇ ರಚನೆ ‘ಲಿಸ್ಟ್ ಎಂಟ್ರಿ’ ಎಂಬ ಹೆಸರಿನಲ್ಲಿದೆ.

ಇದರಿಂದ ಇನ್ನೊಂದು ಅನುಕೂಲ. ಒಂದೇ ಕಾಯಿಯಿಂದ ಎರಡು ಮೂರು ಪಟ್ಟೆ ಎಬ್ಬಿಸಬಹುದು. ಓಡುತ್ತಿರುವ ಪ್ರತಿ ಕಾರ್ಯಕ್ರಮಕ್ಕೂ ಲಿನಕ್ಸ್ ಒಂದು ದಾಖಲೆ ಇಡುತ್ತದೆ. ಆ ದಾಖಲೆಯೊಳಗೆ ಒಂದಲ್ಲ, ಹಲವು ಕೊಂಡಿಗಳಿವೆ. ಒಂದು ಅದನ್ನು ಎಲ್ಲ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸುತ್ತದೆ, ಇನ್ನೊಂದು ಒಡಹುಟ್ಟಿದ ಕಾರ್ಯಕ್ರಮಗಳ ಪಟ್ಟಿಗೆ, ಮತ್ತೊಂದರಿಂದ ಅದರ ಮಕ್ಕಳ ಪಟ್ಟಿ ಶುರುವಾಗುತ್ತದೆ. ಒಂದೇ ಮನೆಯವರ ಹೆಸರು ಹಾಲಿನ ಡೈರಿ ಪುಸ್ತಕದಲ್ಲೂ ದೇವಸ್ಥಾನದ ವಂತಿಗೆ ಪಟ್ಟಿಯಲ್ಲೂ ಇರುವ ಹಾಗೆ, ಮನೆ ಮಾತ್ರ ಒಂದೇ.

## ಉಣುಗೋಲಿನಿಂದ ಮನೆಗೆ ಎಷ್ಟು ಹೆಜ್ಜೆ

ಹೀಗೆ ಮಾಡಿದಾಗ ಒಂದು ತೊಡಕು ಎದುರಾಗುತ್ತದೆ. ಸಂಕಗಳು ಕೂಡಿಸುವುದು ಕೊಂಡಿಯನ್ನು ಕೊಂಡಿಗೆ, ಮನೆಯನ್ನು ಮನೆಗಲ್ಲ. ಸಂಕ ದಾಟಿ ಬಂದವರು ನಿಲ್ಲುವುದು ಅಂಗಳದಾಚೆಯ ಉಣುಗೋಲಿನ, ಅಂದರೆ ಅಡ್ಡಗೋಲುಗಳ ಗೇಟಿನ, ಹತ್ತಿರ. ಅಲ್ಲಿಂದ ಮನೆ ಎಲ್ಲಿ?

ಒಂದು ಪಟ್ಟಿಯ ಮನೆಗಳೆಲ್ಲ ಒಂದೇ ನಕ್ಷೆಯಲ್ಲಿ ಕಟ್ಟಿದವು. ಉಣುಗೋಲಿನಿಂದ ಜಗುಲಿಗೆ ಎಷ್ಟು ಹೆಜ್ಜೆ ಎಂಬುದು ಎಲ್ಲ ಮನೆಗೂ ಒಂದೇ, ಅದು ಮೊದಲೇ ಗೊತ್ತು. ದಾಖಲೆಯ ಶುರುವಿನಿಂದ 48ನೇ ಬೈಟ್‌ನಲ್ಲಿ ಕೊಂಡಿ ಇದೆ ಎಂದುಕೊಳ್ಳಿ. ಈಗ ನಾವು ನಿಂತಿರುವ ಕೊಂಡಿಯ ವಿಳಾಸ 5048 ಆದರೆ ದಾಖಲೆ ಶುರುವಾಗುವುದು 5000ದಲ್ಲಿ. ಒಂದು ಕಳೆಯುವ ಲೆಕ್ಕ, ಅಷ್ಟೇ. ಲಿನಕ್ಸ್‌ನಲ್ಲಿ ಈ ಲೆಕ್ಕಕ್ಕೆ ‘ಕಂಟೇನರ್ ಆಫ್’ ಎಂದು ಹೆಸರು. ಕರ್ನಲ್ ಮೂಲ ಓದುವವರಿಗೆ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಲೆಕ್ಕ ಸರಳ. ಆದರೆ ಅದು ನಂಬಿಕೆಯ ಮೇಲೆ ನಿಂತಿದೆ. ನಾನು ನಿಂತಿರುವುದು ನಿಜವಾಗಿಯೂ ಒಂದು ಮನೆಯ ಉಣುಗೋಲೇ ಹೌದಾ ಎಂದು ಅದು ಕೇಳುವುದಿಲ್ಲ, ಹೆಜ್ಜೆ ಎಣಿಸಿ ಹೋಗಿಬಿಡುತ್ತದೆ. ಇದರಿಂದ ಆದ ಒಂದು ಫಜೀತಿಯನ್ನು ಮುಂದೆ ಹೇಳುತ್ತೇನೆ.

## ಗುಡಿಯಿಂದ ಹೊರಟು ಗುಡಿಗೇ

ಊರ ದೇವರ ಪಲ್ಲಕ್ಕಿ ಗುಡಿಯಿಂದ ಹೊರಟು ಮನೆಮನೆ ಸುತ್ತಿ ಮತ್ತೆ ಗುಡಿಗೇ ಬರುತ್ತದೆ. ಲಿನಕ್ಸ್‌ನ ಪಟ್ಟಿಯೂ ಹೀಗೆ ಸುತ್ತುಪಟ್ಟಿ. ಶುರುವಿನಲ್ಲಿ ಒಂದು ತಲೆಕೊಂಡಿ ಇರುತ್ತದೆ, ಅದು ಯಾವ ಮಾಹಿತಿಗೂ ಸೇರಿದ್ದಲ್ಲ. ಕೊನೆಯ ಮನೆಯ ಸಂಕ ಅದಕ್ಕೇ ಬಂದು ಸೇರುತ್ತದೆ. ಪಟ್ಟಿ ಖಾಲಿ ಇದ್ದರೆ ತಲೆಕೊಂಡಿಯ ಎರಡೂ ಸಂಕ ತನ್ನನ್ನೇ ತೋರಿಸುತ್ತವೆ. ‘ಇದು ಮೊದಲನೆಯದಾ, ಕೊನೆಯದಾ, ಪಟ್ಟಿ ಖಾಲಿಯಾ’ ಎಂದು ಬೇರೆಬೇರೆ ಕೇಳುವ ಗೋಜೇ ಇಲ್ಲ, ಸೇರಿಸಲು ತೆಗೆಯಲು ಎಲ್ಲ ಕಡೆಗೂ ಒಂದೇ ವಿಧಾನ. ಇಷ್ಟು ಚಿಕ್ಕ ಉಪಾಯ ಇಷ್ಟೊಂದು ತಪ್ಪುಗಳನ್ನು ಹುಟ್ಟುವ ಮೊದಲೇ ತಡೆಯುತ್ತದಲ್ಲ ಎಂದು ಇದನ್ನು ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೆ ಗುಡಿ ಮನೆಯಲ್ಲ. ಪಟ್ಟಿ ಸುತ್ತುತ್ತಾ ಯಾರನ್ನೋ ಹುಡುಕುತ್ತಿದ್ದೇವೆ, ಸಿಗಲಿಲ್ಲ, ಗುಡಿಗೇ ವಾಪಸ್ ಬಂದೆವು. ಆಗಲೂ ಅಭ್ಯಾಸಬಲದಿಂದ ‘ಇಲ್ಲಿಂದ 48 ಹೆಜ್ಜೆ ಹಿಂದೆ ಮನೆ’ ಎಂದು ನಡೆದರೆ? ಅಲ್ಲಿ ಮನೆಯಿಲ್ಲ, ಬೇರೆ ಏನೋ ಇದೆ. ಅದನ್ನೇ ಮನೆಯೆಂದು ತಿಳಿದು ಬರೆಯಲು ಶುರುಮಾಡಿದರೆ ಯಾರದೋ ಲೆಕ್ಕ ಅಳಿಸಿಹೋಗುತ್ತದೆ. 2022ರ ಫೆಬ್ರವರಿಯಲ್ಲಿ ಒಬ್ಬ ಸಂಶೋಧಕರು ಲಿನಕ್ಸ್‌ನಲ್ಲಿ ಇಂಥ ಜಾಗಗಳನ್ನು ಎತ್ತಿ ತೋರಿಸಿದರು. ಈಗ ಯಾವ ಮನೆಯಲ್ಲಿದ್ದೇವೆ ಎಂದು ಸುತ್ತುವಾಗ ಹಿಡಿದಿಡುವ ಹೆಸರು (ವೇರಿಯಬಲ್) ಸುತ್ತು ಮುಗಿದ ಮೇಲೂ ಬಳಕೆಗೆ ಸಿಗುತ್ತಿದ್ದದ್ದೇ ತಪ್ಪಿನ ಬೇರು. ಸುತ್ತಿನ ಒಳಗೆ ಮಾತ್ರ ಆ ಹೆಸರು ಬದುಕಿರುವಂತೆ ಮಾಡಲು, ಕರ್ನಲ್ ಬರೆದಿರುವ ಸಿ ಭಾಷೆಯ 1989ರ ರೂಪದಲ್ಲಿ ಅವಕಾಶವಿರಲಿಲ್ಲ, ಕರ್ನಲ್ ಅಲ್ಲಿಯವರೆಗೂ ಅದೇ ಹಳೆಯ ರೂಪದಲ್ಲಿತ್ತು. ಆ ಚರ್ಚೆಯಿಂದಲೇ ಟೊರ್ವಾಲ್ಡ್ಸ್ ಹೊಸ ರೂಪಕ್ಕೆ ಹೋಗೋಣ ಎಂದರು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಲಿನಕ್ಸ್ 5.18 ಸಿ ಭಾಷೆಯ 2011ರ ರೂಪಕ್ಕೆ ಬದಲಾಯಿತು. ಮೂರು ದಶಕದ ಒಂದು ಕರ್ನಲ್ ತನ್ನ ಭಾಷೆಯ ಆವೃತ್ತಿಯನ್ನೇ ಬದಲಿಸಿಕೊಂಡದ್ದು ಲಿಂಕ್ಡ್ ಲಿಸ್ಟ್‌ನ ನೆಪದಲ್ಲಿ.

## ಜನ ಓಡಾಡುವಾಗಲೇ ಸಂಕ ಬದಲಿಸುವುದು

ಮೇಲ್ಮನೆ, ನಡುಮನೆ, ಕೆಳಮನೆ. ನಡುಮನೆಯನ್ನು ಪಟ್ಟಿಯಿಂದ ತೆಗೆಯಬೇಕು. ಮೇಲ್ಮನೆಯ ಮುಂದಿನ ಸಂಕವನ್ನು ಕೆಳಮನೆಗೆ ತಿರುಗಿಸಬೇಕು, ಕೆಳಮನೆಯ ಹಿಂದಿನ ಸಂಕವನ್ನು ಮೇಲ್ಮನೆಗೆ ತಿರುಗಿಸಬೇಕು. ಕೆಲಸ ಮುಗಿಯಿತು. ಕಾಗದದ ಮೇಲೆ ಇದು ಇಷ್ಟೇ.

ಕರ್ನಲ್‌ನಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ, ಯಾಕೆಂದರೆ ಈಗಿನ ಸಾಮಾನ್ಯ ಫೋನಿನಲ್ಲೇ ಒಂದೇ ಹೊತ್ತಿಗೆ ಬೇರೆಬೇರೆ ಕೆಲಸ ಮಾಡುವ ಎಂಟು ಸಿಪಿಯು ಕೋರ್‌ಗಳಿವೆ. ಒಂದು ಕೋರ್ ಒಂದು ಸಂಕ ತಿರುಗಿಸಿ ಇನ್ನೊಂದನ್ನು ತಿರುಗಿಸುವ ಮೊದಲೇ ಮತ್ತೊಂದು ಕೋರ್ ಅದೇ ಜಾಗದಲ್ಲಿ ಬದಲಾವಣೆ ಶುರುಮಾಡಿದರೆ ಪಟ್ಟಿ ಅರ್ಧಕ್ಕೆ ತುಂಡಾಗುತ್ತದೆ, ಇಲ್ಲವೇ ಕೊನೆಯಿಲ್ಲದೆ ಸುತ್ತುವಂತೆ ಗಂಟು ಬೀಳುತ್ತದೆ. ಅದಕ್ಕೆ ಬೀಗ ಬೇಕು. ಪಟ್ಟಿ ಬದಲಿಸುವವರು ಮೊದಲು ಬೀಗ ಹಿಡಿಯಬೇಕು, ಉಳಿದವರು ಅಲ್ಲೇ ಕಾಯಬೇಕು. ಸ್ಪಿನ್‌ಲಾಕ್ ಎನ್ನುವುದು ಇಂಥ ಒಂದು ಬೀಗ.

ಆದರೆ ಓದುವವರು ಬಹಳ, ಬದಲಿಸುವವರು ಅಪರೂಪ ಎನ್ನುವಂಥ ಪಟ್ಟಿಗಳಿವೆ. ಅಲ್ಲಿ ಎಲ್ಲರನ್ನೂ ಬೀಗಕ್ಕೆ ಕಾಯಿಸುವುದು ದುಬಾರಿ. 2002ರಲ್ಲಿ ಲಿನಕ್ಸ್ ಸೇರಿದ ಆರ್‌ಸಿಯು ಎಂಬ ವಿಧಾನ ಇದಕ್ಕೆ ಬೇರೆ ದಾರಿ ಹಿಡಿಯಿತು. ನಡುಮನೆಗೆ ಹೋಗುವ ಸಂಕ ತಿರುಗಿಸುತ್ತಾರೆ, ಆದರೆ ಮನೆಯನ್ನು ಕೂಡಲೇ ಕೆಡವುವುದಿಲ್ಲ. ಅದರಿಂದ ಮುಂದಕ್ಕೆ ಹೋಗುವ ಸಂಕವನ್ನೂ ಹಾಗೇ ಬಿಡುತ್ತಾರೆ. ಆಗಲೇ ನಡುಮನೆಯ ಅಂಗಳದಲ್ಲಿದ್ದವರು ನಿಶ್ಚಿಂತೆಯಿಂದ ಕೆಳಮನೆಗೆ ದಾಟಿಹೋಗಬಹುದು, ಹೊಸಬರಿಗೆ ಆ ಮನೆಯ ದಾರಿಯೇ ಇಲ್ಲ. ಹಳಬರೆಲ್ಲ ಹೊರಟರು ಎಂದು ಖಚಿತವಾದ ಮೇಲೆ ಮನೆ ಕೆಡವುತ್ತಾರೆ. ಓದುವವರು ಒಂದು ಬೀಗಕ್ಕೂ ಕಾಯಲಿಲ್ಲ.

ಬೀಗ ಹಿಡಿದು ತೆಗೆಯುವ ಸಾಮಾನ್ಯ ಪಟ್ಟಿಯಲ್ಲಿ ಹೀಗೆ ಬಿಡುವುದಿಲ್ಲ. ಬಿಡಿಸಿದ ಕೊಂಡಿಯೊಳಗೆ ಬೇಕೆಂದೇ ಸುಳ್ಳು ವಿಳಾಸ ಬರೆಯುತ್ತಾರೆ, ಯಾವ ಮೆಮೊರಿಯೂ ಇರಬಾರದ ಜಾಗದ ವಿಳಾಸ. ಲಿನಕ್ಸ್‌ನಲ್ಲಿ ಅದನ್ನು ವಿಷ ಎಂಬ ಅರ್ಥದಲ್ಲಿ ‘ಪಾಯ್ಸನ್’ ಎಂದೇ ಕರೆಯುತ್ತಾರೆ. ತೆಗೆದುಹಾಕಿದ ವಸ್ತುವನ್ನು ಯಾರಾದರೂ ತಪ್ಪಿ ಮತ್ತೆ ಬಳಸಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಸಿಕ್ಕಿಬೀಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಆಂಡ್ರಾಯ್ಡ್ ಫೋನುಗಳಲ್ಲೇ ಸಾಕ್ಷಿ ಇದೆ. 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಭದ್ರತಾ ಸಂಶೋಧಕರು ಬಹಿರಂಗಪಡಿಸಿದ ದೋಷ ಅದು, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ 2019-2215. ಆಪ್‌ಗಳ ನಡುವೆ ಸಂದೇಶ ಸಾಗಿಸುವ ಬೈಂಡರ್ ಎಂಬ ಭಾಗದಲ್ಲಿ, ಒಂದು ದಾಖಲೆಯ ಮೆಮೊರಿಯನ್ನು ವಾಪಸ್ ಕೊಟ್ಟುಬಿಡುತ್ತಿದ್ದರು. ಆದರೆ ಅದರೊಳಗಿದ್ದ ಕಾಯುವವರ ಪಟ್ಟಿಗೆ ಇನ್ನೊಂದು ಭಾಗದ ಕೊಂಡಿ ಸೇರಿಕೊಂಡೇ ಇತ್ತು. ಆಮೇಲೆ ಆ ಭಾಗ ತನ್ನ ಕೊಂಡಿ ಬಿಡಿಸಿಕೊಳ್ಳಲು ಹೋದಾಗ, ಕೆಡವಿದ ಮನೆಯ ಜಾಗದಲ್ಲಿ ಎರಡು ವಿಳಾಸ ಬರೆಯುತ್ತಿತ್ತು. ಅಷ್ಟೊತ್ತಿಗೆ ಅಲ್ಲಿ ಬೇರೆಯವರ ಮಾಹಿತಿ ಬಂದು ಕೂತಿರಬಹುದು. ಆ ಎರಡು ವಿಳಾಸ ಹಿಡಿದುಕೊಂಡೇ ಕಳ್ಳರು ಇಡೀ ಫೋನಿನ ಹಿಡಿತ ಪಡೆಯಬಹುದಿತ್ತು. ಮೂಲ ಲಿನಕ್ಸ್‌ನಲ್ಲಿ ಒಂದೂವರೆ ವರ್ಷಕ್ಕೂ ಮುಂಚೆಯೇ ಇದನ್ನು ಸರಿಪಡಿಸಿದ್ದರು. ಆ ತಿದ್ದುಪಡಿ ಎಷ್ಟೋ ಫೋನುಗಳಿಗೆ ತಲುಪಿರಲಿಲ್ಲ. ಫೋನಿನಲ್ಲಿ ಸೆಕ್ಯೂರಿಟಿ ಅಪ್‌ಡೇಟ್ ಬಂದಿದೆ ಎಂದಾಗ ‘ಆಮೇಲೆ’ ಒತ್ತಬೇಡಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೆ.

## ಸಂಕದ ದಾರಿ ದೂರವಾದಾಗ

ಎಲ್ಲಕ್ಕೂ ಲಿಂಕ್ಡ್ ಲಿಸ್ಟ್ ಸರಿ ಎಂದಲ್ಲ. ಮುನ್ನೂರನೇ ಮನೆ ಬೇಕಾದರೆ ಹಿಂದಿನ ಎಲ್ಲ ಮನೆ ಹಾದೇ ಹೋಗಬೇಕು. ಅಲ್ಲದೆ ಸಿಪಿಯು ಮೆಮೊರಿಯಿಂದ ಒಂದು ಬೈಟ್ ತರುವಾಗ ಅದರ ಅಕ್ಕಪಕ್ಕದ್ದನ್ನೂ ಸೇರಿಸಿ, ಸಾಮಾನ್ಯವಾಗಿ 64 ಬೈಟ್, ಕ್ಯಾಶ್ ಎಂಬ ತನ್ನ ಹತ್ತಿರದ ಪುಟ್ಟ ಮೆಮೊರಿಯಲ್ಲಿ ತಂದಿಟ್ಟುಕೊಳ್ಳುತ್ತದೆ. ಬೀದಿಮನೆಗಳಿಗೆ ಇದು ಲಾಭ, ಒಂಟಿಮನೆಗಳಿಗೆ ಇಲ್ಲ. ಅದಕ್ಕೇ ಹುಡುಕಾಟ ಹೆಚ್ಚಿರುವ ಕಡೆ ಕರ್ನಲ್ ಮರದ ಆಕಾರದ ರಚನೆಗಳಿಗೆ ಹೋಗಿದೆ. 2022ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 6.1ರಲ್ಲಿ, ಪ್ರತಿ ಕಾರ್ಯಕ್ರಮದ ಮೆಮೊರಿ ಭಾಗಗಳನ್ನು ಪೋಣಿಸಿದ್ದ ಹಳೆಯ ಲಿಂಕ್ಡ್ ಲಿಸ್ಟನ್ನು ತೆಗೆದು ಮೇಪಲ್ ಟ್ರೀ ಎಂಬುದನ್ನು ತಂದರು.

## ಆ 3ರ ಅರ್ಥ

ಈಗ ಅಂಗಡಿಯ ಅಕ್ಕನ ಪ್ರಶ್ನೆಗೆ ಬರೋಣ. ಕೊಂಡಿ ಬಿಡಿಸುವ ಮೊದಲು ವಿಂಡೋಸ್ 8ರಿಂದ ಈಚೆಗೆ ಕರ್ನಲ್ ಒಂದು ಪ್ರಶ್ನೆ ಕೇಳುತ್ತದೆ: ನನ್ನ ಮುಂದಿನ ಮನೆಯ ಹಿಂದಿನ ಸಂಕ ನನಗೇ ಬರುತ್ತದಾ? ನನ್ನ ಹಿಂದಿನ ಮನೆಯ ಮುಂದಿನ ಸಂಕ ನನಗೇ ಬರುತ್ತದಾ? ಎರಡಕ್ಕೂ ಹೌದು ಎಂದಾದರೆ ಮಾತ್ರ ಮುಂದಿನ ಕೆಲಸ. ಒಂದಕ್ಕೆ ಇಲ್ಲ ಎಂದಾದರೂ ಯಾರೋ ಪಟ್ಟಿಯನ್ನು ಕೆಡಿಸಿದ್ದಾರೆ ಎಂದರ್ಥ. ಹಾಗೇ ಮುಂದುವರಿದರೆ ತಪ್ಪು ವಿಳಾಸಕ್ಕೆ ಬರೆದು, ಆ ತಪ್ಪು ಡಿಸ್ಕ್‌ನಲ್ಲಿರುವ ಕಡತಗಳವರೆಗೂ ಹೋಗಬಹುದು. ಅದಕ್ಕಿಂತ ಅಲ್ಲೇ ನಿಲ್ಲುವುದು ವಾಸಿ ಎಂದು ಯಂತ್ರ ತಾನಾಗಿಯೇ ನಿಲ್ಲುತ್ತದೆ. 139 ಎಂಬುದು ಹಾಗೆ ನಿಂತದ್ದರ ಗುರುತು, 3 ಎಂಬುದು ಲಿಸ್ಟ್‌ನ ಕೊಂಡಿ ಕೆಟ್ಟಿದೆ ಎಂಬ ಕಾರಣ. ಲಿನಕ್ಸ್‌ನಲ್ಲೂ ಇಂಥದೇ ಪರೀಕ್ಷೆ ಇದೆ, ಕರ್ನಲ್ ಕಟ್ಟುವಾಗ ಬೇಕೆಂದು ಆರಿಸಿಕೊಳ್ಳಬೇಕು.

ಕೊಂಡಿ ಕೆಡಲು ಸಾಮಾನ್ಯ ಕಾರಣ ಎರಡು. ಒಂದು, ತಪ್ಪಾಗಿ ಬರೆದ ಡ್ರೈವರ್, ಅಂದರೆ ಯಂತ್ರಕ್ಕೆ ಜೋಡಿಸಿದ ಸಾಧನವನ್ನು ನಡೆಸುವ ತಂತ್ರಾಂಶ. ಹೊಸ ಪ್ರಿಂಟರ್ ಅಥವಾ ಸ್ಕ್ಯಾನರ್ ಹಾಕಿದ ಮೇಲೆ ಶುರುವಾಗಿದ್ದರೆ ಮೊದಲು ಅದನ್ನು ತೆಗೆದು ನೋಡಬೇಕು. ಇನ್ನೊಂದು, ಬರೆದದ್ದನ್ನು ಬರೆದ ಹಾಗೆ ಇಟ್ಟುಕೊಳ್ಳದ ರ‍್ಯಾಮ್. ಆ ಅಂಗಡಿಯಲ್ಲಿ ಹೊಸದಾಗಿ ಏನೂ ಹಾಕಿರಲಿಲ್ಲ. ಹುಡುಗ ಕ್ಯಾಬಿನೆಟ್ ಬಿಚ್ಚಿದ. ಎರಡು ರ‍್ಯಾಮ್ ಇದ್ದವು, ಒಂದರ ಚಿನ್ನದ ಬಣ್ಣದ ಅಂಚು ಮಳೆಗಾಲದ ಥಂಡಿಗೆ ಮಂಕಾಗಿತ್ತು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಹಾಕಿದ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಲು ಬಿಟ್ಟ. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಆ ಒಂದು ರ‍್ಯಾಮ್ ತೆಗೆದು ಮತ್ತೆ ಪರೀಕ್ಷೆ ಓಡಿಸಿದ, ಈ ಸಲ ಒಂದೂ ತಪ್ಪಿಲ್ಲ.

ಅರ್ಜಿದಾರರ ಕಡತ ಡಿಸ್ಕ್‌ನಲ್ಲಿ ಇದ್ದ ಹಾಗೇ ಇತ್ತು. ಅಕ್ಕ ಹಿಂದಿನ ದಿನ ಅರ್ಧಕ್ಕೆ ನಿಂತ ಅರ್ಜಿಯವರಿಗೆ ಫೋನ್ ಮಾಡಿ, “ಬನ್ನಿ, ನಿಮ್ಮದನ್ನೇ ಮೊದಲು ಮಾಡಿಕೊಡ್ತೆ” ಎಂದರು.